ಕೋಳಿಮರಿಗಳ ಮೇವುಚೀಲದ ತೊಂದರೆಗಳು ಮತ್ತು ಅವುಗಳ ನಿವಾರಣೆ

ಕೋಳಿಮರಿ ಸಾಕುವ ರೈತರಿಗೆ ಮೊದಲ ಮೂರು ವಾರಗಳೇ ಕಷ್ಟದ ಕಾಲ. ಈ ಅವಧಿಯಲ್ಲಿ ಸಾಯುವ ಮರಿಗಳಲ್ಲಿ ಎಲ್ಲವೂ ರೋಗದಿಂದಲೇ ಸಾಯುವುದಿಲ್ಲ. ಕಾವು ಸಾಲದೆ, ನೀರು ಸಿಗದೆ, ತಿನ್ನಬಾರದ್ದನ್ನು ತಿಂದು ಸಾಯುವ ಮರಿಗಳೂ ಬಹಳ. ಇಂತಹ ಮರಿ ಸಾಯುವ ಮೊದಲು ಒಂದೆರಡು ದಿನ ಮೂಲೆಯಲ್ಲಿ ಮಂಕಾಗಿ ನಿಲ್ಲುತ್ತದೆ. ಕುತ್ತಿಗೆಯ ಬುಡದಲ್ಲಿ ಗಂಟಿನಂತೆ ಊದಿಕೊಂಡಿರುವುದನ್ನು ಕಂಡು ಮನೆಯವರು ಗಾಬರಿಯಾಗುತ್ತಾರೆ. ಕೆಲವರು ಎಣ್ಣೆ ಹುಯ್ಯುತ್ತಾರೆ, ಕೆಲವರು ತಲೆಕೆಳಗಾಗಿ ಹಿಡಿದು ಹಿಂಡುತ್ತಾರೆ, ಇನ್ನು ಕೆಲವರು ಅಂಗಡಿಯಿಂದ ಯಾವುದೋ ಔಷಧ ತಂದು ನೀರಿಗೆ ಬೆರೆಸುತ್ತಾರೆ. ಇವುಗಳಿಂದ ಉಳಿಯುವ ಮರಿಗಿಂತ ಸಾಯುವ ಮರಿಯೇ ಹೆಚ್ಚು.

ಊದಿಕೊಂಡ ಆ ಭಾಗವೇ ಮೇವುಚೀಲ. ಪಶುವೈದ್ಯರು ಕ್ರಾಪ್ ಎಂದು ಕರೆಯುವುದು ಇದನ್ನೇ. ಮೇವುಚೀಲದ ತೊಂದರೆ ಬಹುಮಟ್ಟಿಗೆ ಬೇರೊಂದು ತಪ್ಪಿನ ಗುರುತು. ಆ ತಪ್ಪನ್ನು ಹುಡುಕಿ ಸರಿಪಡಿಸದೆ ಚೀಲಕ್ಕೆ ಮಾತ್ರ ಚಿಕಿತ್ಸೆ ಮಾಡಿದರೆ ಇಂದು ಒಂದು ಮರಿ, ನಾಳೆ ಹತ್ತು ಮರಿ ಎಂಬಂತಾಗುತ್ತದೆ. ಆದ್ದರಿಂದ ಮರಿ ಸಾಕುವ ಪ್ರತಿಯೊಬ್ಬರೂ ಮೇವುಚೀಲವನ್ನು ಬೆರಳಿನಿಂದ ಮುಟ್ಟಿ ತಿಳಿಯುವುದನ್ನು ಕಲಿಯುವುದು ಅವಶ್ಯಕ. ಇದಕ್ಕೆ ಖರ್ಚಿಲ್ಲ, ಉಪಕರಣವೂ ಬೇಕಿಲ್ಲ.

ಮೇವುಚೀಲದ ಕೆಲಸವೇನು?

ಕೋಳಿಗೆ ಹಲ್ಲಿಲ್ಲ. ಅದು ನುಂಗಿದ ಕಾಳು ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ. ಮೊದಲು ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿ, ಸ್ವಲ್ಪ ಬಲಕ್ಕಿರುವ ಈ ತೆಳುವಾದ ಚೀಲದಲ್ಲಿ ಸೇರುತ್ತದೆ. ಅಲ್ಲಿ ನೀರಿನೊಡನೆ ನೆನೆದು ಮೆತ್ತಗಾಗಿ ಸ್ವಲ್ಪಸ್ವಲ್ಪವಾಗಿ ಕೆಳಗಿಳಿಯುತ್ತದೆ. ಕೆಳಗೆ ಜೀರ್ಣರಸ ಸುರಿಸುವ ಸಣ್ಣ ಹೊಟ್ಟೆಯೂ, ಅದರ ನಂತರ ಕಾಳನ್ನು ಅರೆಯುವ ಬಲವಾದ ಸ್ನಾಯುವಿನ ಹೊಟ್ಟೆಯೂ ಇವೆ. ಎರಡನೆಯದಕ್ಕೆ ಗಿಜರ್ಡ್ ಎಂದು ಹೆಸರು. ಬೀಸುವ ಕಲ್ಲಿನ ಕೆಲಸ ಮಾಡುವುದು ಇದೇ.

ಹೀಗೆ ಮೇವುಚೀಲವು ಒಂದು ಕಣಜ ಮಾತ್ರ. ಕಣಜದಿಂದ ಧಾನ್ಯ ಇಳಿಯಬೇಕಾದರೆ ಮೂರು ಅನುಕೂಲಗಳಿರಬೇಕು. ಒಂದು, ಮರಿಯ ಮೈ ಬೆಚ್ಚಗಿರಬೇಕು. ಎರಡು, ಆಹಾರ ನೆನೆಯುವಷ್ಟು ನೀರು ಕುಡಿದಿರಬೇಕು. ಮೂರು, ಕೆಳಗಿನ ದಾರಿ ತೆರೆದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಚೀಲದಲ್ಲಿ ಆಹಾರ ನಿಂತುಬಿಡುತ್ತದೆ. ನಿಂತ ಆಹಾರ ಒಣಗಿದರೆ ಗಟ್ಟಿಯಾಗುತ್ತದೆ, ಕೊಳೆತರೆ ಹುಳಿಯುತ್ತದೆ.

ಮುಟ್ಟಿ ನೋಡುವ ಕ್ರಮ

ಮರಿಯನ್ನು ಎಡಗೈಯ ಅಂಗೈಯಲ್ಲಿ ನೆಟ್ಟಗೆ ಕೂರಿಸಿಕೊಳ್ಳಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕುತ್ತಿಗೆಯ ಬುಡವನ್ನು ಮೃದುವಾಗಿ ಮುಟ್ಟಿ ನೋಡಿ. ಅದುಮಬಾರದು.

ಯಾವ ಹೊತ್ತಿನಲ್ಲಿ ನೋಡುತ್ತೀರಿ ಎಂಬುದೂ ಮುಖ್ಯ. ಸಂಜೆ ಮೇದು ಬಂದ ಮರಿಯ ಚೀಲ ಉಬ್ಬಿರುವುದು ಆರೋಗ್ಯದ ಲಕ್ಷಣ, ರೋಗವಲ್ಲ. ಹೇಂಟೆಯೊಡನೆ ರಾತ್ರಿ ಮಲಗುವ ಮರಿಯ ಚೀಲವು ಬೆಳಿಗ್ಗೆ ಬುಟ್ಟಿ ಎತ್ತುವ ಹೊತ್ತಿಗೆ ಖಾಲಿಯಾಗಿರಬೇಕು. ಆಗಲೂ ತುಂಬಿದ್ದರೆ ತೊಂದರೆ ಇದೆಯೆಂದು ತಿಳಿಯಬೇಕು. ಆದರೆ ಬಲ್ಬಿನ ಕಾವಿನಲ್ಲಿ ಬೆಳೆಯುವ ಮರಿಗಳು ರಾತ್ರಿಯೂ ತಿನ್ನುವುದರಿಂದ ಬೆಳಿಗ್ಗೆಯ ಈ ಪರೀಕ್ಷೆ ಅವಕ್ಕೆ ಹೊಂದುವುದಿಲ್ಲ. ಅನುಮಾನ ಬಂದ ಮರಿಯನ್ನು ಬೇರೆ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟು, ನೀರು ಮಾತ್ರ ಕೊಟ್ಟು, 4ರಿಂದ 6 ಗಂಟೆಗಳ ನಂತರ ಪುನಃ ಮುಟ್ಟಿ ನೋಡಿ. ಚೀಲ ಕರಗುತ್ತಿದ್ದರೆ ಚಿಂತೆಯಿಲ್ಲ.

ಬೆರಳಿಗೆ ಮುಖ್ಯವಾಗಿ ನಾಲ್ಕು ಬಗೆಯ ದೋಷಗಳು ತಿಳಿಯುತ್ತವೆ. ಅವು ಹೀಗಿವೆ.

1. ಖಾಲಿ ಚೀಲ

ಹೊಸದಾಗಿ ತಂದ ಮರಿಗಳಲ್ಲಿ ಇದೇ ಹೆಚ್ಚು. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಉಳಿದ ಭಂಡಾರ ಎರಡು ಮೂರು ದಿನ ಅದನ್ನು ಕಾಯುತ್ತದೆ. ಇದನ್ನು ನಂಬಿಕೊಂಡೇ ದೂರದ ಊರುಗಳಿಗೆ ಒಂದು ದಿನದ ಮರಿಗಳನ್ನು ಕಳುಹಿಸಲು ಸಾಧ್ಯವಾಗಿದೆ. ಆದರೆ ಆ ಬುತ್ತಿ ಮುಗಿಯುವುದರೊಳಗೆ ಮರಿ ತಿನ್ನುವುದನ್ನೂ ಕುಡಿಯುವುದನ್ನೂ ಕಲಿಯದಿದ್ದರೆ ನಾಲ್ಕೈದನೆಯ ದಿನ ಸಾಲುಸಾಲಾಗಿ ಸಾಯುತ್ತವೆ. ಆಗ ರೋಗ ಬಂತೆಂದು ಹುಡುಕುವುದು ವ್ಯರ್ಥ.

ಮರಿಗಳನ್ನು ಬಿಟ್ಟ ದಿನವೇ ಗೂಡಿನ ಬೇರೆಬೇರೆ ಕಡೆಗಳಿಂದ 30-40 ಮರಿಗಳನ್ನು, ಕಡಿಮೆ ಇದ್ದರೆ ಎಲ್ಲವನ್ನೂ, ಮುಟ್ಟಿ ನೋಡಿ. ಬಿಟ್ಟ 2 ಗಂಟೆಯಲ್ಲಿ ನೂರಕ್ಕೆ 75 ಮರಿಗಳ ಚೀಲದಲ್ಲಿ, 24 ಗಂಟೆಯಲ್ಲಿ 95ಕ್ಕಿಂತ ಹೆಚ್ಚು ಮರಿಗಳ ಚೀಲದಲ್ಲಿ ಆಹಾರ ಸಿಗಬೇಕು. ಚೀಲ ದುಂಡಗಿದ್ದು ಗಂಜಿಯಂತೆ ಮೆತ್ತಗಿದ್ದರೆ ಮರಿ ತಿಂದೂ ಇದೆ, ಕುಡಿದೂ ಇದೆ. ಒಳಗೆ ತರಿತರಿಯಾಗಿ ಒಣ ಆಹಾರವೇ ಸಿಕ್ಕಿದರೆ ನೀರು ಸಾಲದು. ಉಬ್ಬಿ ನೀರಿನಂತಿದ್ದರೆ ಕುಡಿದಿದೆ, ತಿಂದಿಲ್ಲ.

ಪರಿಹಾರ ಸುಲಭ. ತಿನ್ನದ ಮರಿಗಳ ಕೊಕ್ಕಿನ ತುದಿಯನ್ನು ನೀರಿಗೆ ಒಮ್ಮೆ ಅದ್ದಿ ಬಿಡಿ. ನುಣ್ಣಗೆ ತರಿ ಮಾಡಿದ ಮೆಕ್ಕೆಜೋಳ ಅಥವಾ ಮರಿ ಆಹಾರವನ್ನು ಕಾಗದದ ಮೇಲೆ ಚೆಲ್ಲಿ ಬೆರಳಿನಿಂದ ತಟ್ಟಿರಿ. ಒಂದು ಮರಿ ಕುಕ್ಕಿದರೆ ಉಳಿದವು ನೋಡಿ ಕಲಿಯುತ್ತವೆ. ಮರಿಗಳು ಒಂದರ ಮೇಲೊಂದು ಗುಂಪುಗೂಡಿದ್ದರೆ ಕಾವು ಸಾಲದೆಂದೂ, ಬಲ್ಬಿನಿಂದ ದೂರ ಸರಿದು ಬಾಯಿ ತೆರೆದಿದ್ದರೆ ಕಾವು ಹೆಚ್ಚಾಯಿತೆಂದೂ ತಿಳಿದು ಸರಿಪಡಿಸಬೇಕು.

2. ಗಟ್ಟಿಯಾದ ಚೀಲ

ಚೀಲದೊಳಗೆ ಗಟ್ಟಿ ಉಂಡೆ ಸಿಗುತ್ತದೆ. ಗಂಟೆಗಳು ಕಳೆದರೂ ಕರಗುವುದಿಲ್ಲ. ಮರಿ ಆಹಾರದ ಬಳಿ ಬರುತ್ತದೆ, ಕುಕ್ಕುತ್ತದೆ, ಆದರೆ ನುಂಗುವುದಿಲ್ಲ. ಹಿಕ್ಕೆ ಕಡಿಮೆಯಾಗುತ್ತದೆ. ಎದೆಯ ಮೂಳೆ ಎದ್ದು ಕಾಣುತ್ತದೆ.

ಕಾರಣಗಳು ಹಲವು. ಹಸಿದ ಮರಿ ಆಹಾರ ಯಾವುದು, ಹಾಸು ಯಾವುದು ಎಂದು ತಿಳಿಯದೆ ಭತ್ತದ ಹೊಟ್ಟನ್ನೋ ಮರದ ಹೊಟ್ಟನ್ನೋ ತುಂಬಿಕೊಳ್ಳುತ್ತದೆ. ತೆಂಗಿನ ನಾರು, ಗೋಣಿಚೀಲದ ಎಳೆ, ಪ್ಲಾಸ್ಟಿಕ್ ದಾರ, ಉದ್ದನೆಯ ಒಣ ಹುಲ್ಲು ಇವು ಚೀಲದಲ್ಲಿ ಸುರುಳಿ ಸುತ್ತಿಕೊಂಡು ದಾರಿ ಕಟ್ಟುತ್ತವೆ. ನೀರಿನ ಪಾತ್ರೆ ಬರಿದಾದಾಗ ಒಣ ಹಿಟ್ಟು ತಿಂದ ಮರಿಗೂ, ಬಹಳ ಹೊತ್ತು ಹಸಿದಿದ್ದು ಒಮ್ಮೆಗೇ ಮುಗಿಬಿದ್ದು ತಿಂದ ಮರಿಗೂ ಹೀಗಾಗುವುದುಂಟು.

ಚಿಕಿತ್ಸೆ: ಮರಿಯನ್ನು ಬೇರ್ಪಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಕಾವಿನಲ್ಲಿಡಿ. ಕೆಳಗೆ ಹೊಟ್ಟು ಹಾಕದೆ ಒರಟು ಬಟ್ಟೆ ಹಾಸಿ. 6 ಗಂಟೆ ಕಾಲ ಗಟ್ಟಿ ಆಹಾರ ಕೊಡಬೇಡಿ. ಎಳೆಯ ಮರಿಗೆ ದೊಡ್ಡ ಕೋಳಿಯಂತೆ ಇಡೀ ದಿನ ಉಪವಾಸ ಮಾಡಿಸುವುದು ಸಲ್ಲದು. ಉಗುರುಬೆಚ್ಚಗಿನ ನೀರನ್ನು ಎದುರಿಗಿಡಿ. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಮುಟ್ಟಿಸಿ, ನುಂಗಿದ ಮೇಲೆ ಮುಂದಿನ ಹನಿ ಕೊಡಿ. ಅಡುಗೆಗೆ ಬಳಸುವ ಕಡಲೆಕಾಯಿ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಇದೇ ರೀತಿ ಎರಡು ಮೂರು ಹನಿ ಕೊಡಬಹುದು. ನಂತರ ಚೀಲವನ್ನು ಬೆರಳ ತುದಿಯಿಂದ ಮೃದುವಾಗಿ, ಹಿಟ್ಟಿನ ಉಂಡೆ ಬಿಡಿಸುವಂತೆ, ಒಂದೆರಡು ನಿಮಿಷ ನೀವಿರಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಮರಿ ಬಾಯಿ ತೆರೆದು ಏದುಸಿರು ಬಿಟ್ಟರೆ ಕೂಡಲೇ ನಿಲ್ಲಿಸಿ.

ಉಂಡೆ ಮೆತ್ತಗಾಗತೊಡಗಿದರೆ ಮರಿ ಆಹಾರವನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಮಾಡಿ ಸ್ವಲ್ಪಸ್ವಲ್ಪ ಕೊಡಿ. ಬೇಯಿಸಿದ ಮೊಟ್ಟೆಯ ಭಂಡಾರವನ್ನು ಚಿಟಿಕೆಯಷ್ಟು ಕೊಡುವುದೂ ಒಳ್ಳೆಯದು. ಕಲಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಒಂದು ದಿನದಲ್ಲಿ ಗುಣ ಕಾಣದಿದ್ದರೆ ಪಶುವೈದ್ಯರಿಗೆ ತೋರಿಸಿ. ಬೆಳೆದ ಕೋಳಿಯಾದರೆ ಅವರು ಚೀಲವನ್ನು ಕೊಯ್ದು ಉಂಡೆ ತೆಗೆದು ಹೊಲಿಗೆ ಹಾಕಬಲ್ಲರು. ಎಳೆಯ ಮರಿಯಲ್ಲಿ ಇದು ಕಷ್ಟ. ಮನೆಯಲ್ಲಿ ಬ್ಲೇಡು ಹಿಡಿದು ಪ್ರಯತ್ನಿಸುವುದು ಕ್ರೌರ್ಯವೇ ಹೊರತು ಚಿಕಿತ್ಸೆಯಲ್ಲ.

3. ಹುಳಿತ ಚೀಲ

ಚೀಲ ನೀರು ತುಂಬಿದ ಬಲೂನಿನಂತೆ ಜುಳುಜುಳು ಎನ್ನುತ್ತದೆ. ಮರಿಯ ಬಾಯಿಯಿಂದ ಹುಳಿ ಹಿಟ್ಟಿನ ವಾಸನೆ ಬರುತ್ತದೆ. ಗರಿ ಕೆದರಿಕೊಂಡು ತೂಕಡಿಸುತ್ತದೆ. ಬಾಯೊಳಗೆ ಬಿಳಿಯ ಪದರ ಕಾಣುವುದೂ ಉಂಟು.

ಇದಕ್ಕೆ ಸಾಮಾನ್ಯ ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ. ಹಿಟ್ಟನ್ನು ಹುಳಿ ಬರಿಸುವ ಯೀಸ್ಟ್‌ನ ಜಾತಿಗೆ ಸೇರಿದ ಇದು ಆರೋಗ್ಯವಂತ ಕೋಳಿಯ ಹೊಟ್ಟೆಯಲ್ಲೂ ಸ್ವಲ್ಪಮಟ್ಟಿಗೆ ಇರುತ್ತದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಇದನ್ನು ಹದ್ದಿನಲ್ಲಿಡುತ್ತವೆ. ಚೀಲದಲ್ಲಿ ಆಹಾರ ನಿಂತಾಗ, ಬೂಷ್ಟು ಹಿಡಿದ ಅಥವಾ ಹಳಸಿದ ಆಹಾರ ಕೊಟ್ಟಾಗ, ನೀರಿನ ಪಾತ್ರೆ ಲೋಳೆಗಟ್ಟಿದಾಗ, ಅನವಶ್ಯಕವಾಗಿ ಆಂಟಿಬಯಾಟಿಕ್ ಕೊಟ್ಟು ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಇದು ಮಿತಿಮೀರಿ ಬೆಳೆಯುತ್ತದೆ. ರಾತ್ರಿ ಉಳಿದ ಅನ್ನ, ಮುದ್ದೆಗಳನ್ನು ಮರುದಿನ ಮರಿಗಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಬೇಸಿಗೆಯಲ್ಲಿ ಹಳಸಿದ್ದನ್ನು ಹೀಗೆ ಹಾಕಿದರೆ ತೊಂದರೆ ತಪ್ಪಿದ್ದಲ್ಲ.

ಚಿಕಿತ್ಸೆ: ಮರಿಯನ್ನು ಬೇರ್ಪಡಿಸಿ ಬೆಚ್ಚಗಿಡಿ. ಶುದ್ಧವಾದ ನೀರು ಕೊಡಿ. ಬೆಲ್ಲ, ಸಕ್ಕರೆ, ಗ್ಲೂಕೋಸ್ ನಿಲ್ಲಿಸಿ, ಸಿಹಿ ಶಿಲೀಂಧ್ರಕ್ಕೆ ಆಹಾರ. ಕೆಲವು ಗಂಟೆಗಳ ಬಳಿಕ ಹೊಸದಾಗಿ ಕಲಸಿದ ಮರಿ ಆಹಾರವನ್ನು ಸ್ವಲ್ಪಸ್ವಲ್ಪ ಕೊಡಿ. ಮಜ್ಜಿಗೆ ಕೊಡುವ ವಾಡಿಕೆ ಹಳ್ಳಿಗಳಲ್ಲಿದೆ. ಉಪ್ಪಿಲ್ಲದ ತೆಳು ಮಜ್ಜಿಗೆ ನಾಲ್ಕಾರು ಹನಿ ಕೊಟ್ಟರೆ ಅಪಾಯವಿಲ್ಲ, ಆದರೆ ಅದನ್ನೇ ಔಷಧವೆಂದು ನಂಬಿ ಕಾಲ ಕಳೆಯಬಾರದು. ಈ ಶಿಲೀಂಧ್ರಕ್ಕೆ ನಿಸ್ಟಾಟಿನ್ ಎಂಬ ಔಷಧವಿದೆ. ಮರಿಯ ತೂಕ ನೋಡಿ ಪ್ರಮಾಣ ನಿರ್ಧರಿಸಬೇಕಾದುದರಿಂದ ಪಶುವೈದ್ಯರ ಸಲಹೆಯಂತೆಯೇ ಕೊಡಬೇಕು.

ಮೈಲುತುತ್ತವನ್ನು ನೀರಿಗೆ ಬೆರೆಸಿ ಕೊಡುವ ಕ್ರಮ ಹಳೆಯ ಪುಸ್ತಕಗಳಲ್ಲಿದೆ. ಇದರ ಪ್ರಯೋಜನ ಖಚಿತವಾಗಿಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷ, ಮೇಲಾಗಿ ತಗಡಿನ ಪಾತ್ರೆಯನ್ನು ತಿನ್ನುತ್ತದೆ. ವೈದ್ಯರು ಹೇಳದೆ ಇದನ್ನು ಎಳೆಯ ಮರಿಗಳಿಗೆ ಕೊಡಬೇಡಿ.

4. ಜೋತುಬಿದ್ದ ಚೀಲ

ಚೀಲದ ಗೋಡೆ ಹಿಗ್ಗಿ ಸಡಿಲವಾಗಿ ಎದೆಯ ಮುಂದೆ ಜೋಲಾಡುತ್ತದೆ. ಕಡುಬೇಸಿಗೆಯಲ್ಲಿ ಬಹಳ ಹೊತ್ತು ನೀರಿಲ್ಲದೆ ಇದ್ದ ಪಕ್ಷಿಗಳು ಒಮ್ಮೆಗೇ ಅತಿಯಾಗಿ ಕುಡಿಯುವುದು, ಚೀಲವು ಪದೇಪದೇ ಕಟ್ಟಿಕೊಳ್ಳುವುದು ಇದಕ್ಕೆ ಕಾರಣಗಳು. ಹಿಗ್ಗಿದ ಸ್ನಾಯು ಮತ್ತೆ ಬಿಗಿಯಾಗುವುದು ಅಪರೂಪ. ಇಂತಹ ಮರಿಗೆ ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪ ಆಹಾರ ಕೊಟ್ಟು ಬೆಳೆಸಬಹುದು. ಆದರೆ ತಳಿಗಾಗಿ ಉಳಿಸಿಕೊಳ್ಳಬಾರದು.

ಕೊಕ್ಕರೆ ರೋಗವನ್ನು ಮರೆಯಬೇಡಿ

ಇಲ್ಲಿ ರೈತರು ಹೆಚ್ಚು ಎಚ್ಚರವಾಗಿರಬೇಕು. ಕೊಕ್ಕರೆ ರೋಗ ತಗುಲಿದ ಕೋಳಿಯ ಮೇವುಚೀಲದಲ್ಲೂ ದುರ್ವಾಸನೆಯ ನೀರು ತುಂಬಿಕೊಳ್ಳುತ್ತದೆ. ಇದಕ್ಕೆ ರಾಣಿಖೇತ್ ರೋಗ ಎಂದೂ ಹೆಸರು. ಇದನ್ನು ಬರಿಯ ಅಜೀರ್ಣವೆಂದು ತಿಳಿದು ಒಂದು ಮರಿಯ ಚೀಲ ನೀವುತ್ತ ಕುಳಿತರೆ ವಾರದೊಳಗೆ ಗೂಡೇ ಬರಿದಾದೀತು.

ವ್ಯತ್ಯಾಸ ತಿಳಿಯುವುದು ಹೀಗೆ. ಮೇವುಚೀಲದ ತೊಂದರೆ ಸಾಮಾನ್ಯವಾಗಿ ಒಂದೆರಡು ಮರಿಗಳಿಗೆ ಸೀಮಿತ. ಕೊಕ್ಕರೆ ರೋಗ ಬೇಗ ಹರಡುತ್ತದೆ. ಹಸಿರು ಬಣ್ಣದ ನೀರುಹಿಕ್ಕೆ, ಬಾಯಿ ತೆರೆದು ಗೊರಗೊರ ಉಸಿರಾಟ, ಕುತ್ತಿಗೆ ತಿರುಚಿಕೊಳ್ಳುವುದು, ಕಾಲು ರೆಕ್ಕೆ ಸೋಲುವುದು ಇದರ ಲಕ್ಷಣಗಳು. ಒಂದಕ್ಕಿಂತ ಹೆಚ್ಚು ಮರಿಗಳಲ್ಲಿ ಇವು ಕಂಡರೆ ಅಥವಾ ಕೋಳಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಸತ್ತ ಪಕ್ಷಿಯನ್ನು ಮನೆಯಲ್ಲಿ ಕೊಯ್ದು ನೋಡಬೇಡಿ. ಕೋಳಿಗಳನ್ನು ಸಂತೆಗೆ ಸಾಗಿಸಬೇಡಿ. ತಡಮಾಡದೆ ಪಶುವೈದ್ಯ ಆಸ್ಪತ್ರೆಗೆ ತಿಳಿಸಿ.

ಈ ರೋಗ ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಲಸಿಕೆ ಇದೆ. ಮರಿಗೆ 5ರಿಂದ 7ನೆಯ ದಿನ ಲಸೋಟಾ ಅಥವಾ ಎಫ್-1 ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಬೇಕು. 6ರಿಂದ 8ನೆಯ ವಾರದಲ್ಲಿ ಆರ್-2-ಬಿ ಲಸಿಕೆಯನ್ನು ಚುಚ್ಚಿಸಬೇಕು.

ಮಾಡಬಾರದ ಕೆಲಸಗಳು

ಮರಿಯನ್ನು ತಲೆಕೆಳಗಾಗಿ ಹಿಡಿದು ಚೀಲವನ್ನು ಹಿಂಡಬಾರದು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಮೇಲೆ ಬಂದ ನೀರು ನೇರವಾಗಿ ಅಲ್ಲಿಗೆ ನುಗ್ಗಿ ಮರಿ ಉಸಿರುಕಟ್ಟಿ ಸಾಯುತ್ತದೆ. ಕೊಕ್ಕು ಬಿಡಿಸಿ ಎಣ್ಣೆಯನ್ನಾಗಲಿ ನೀರನ್ನಾಗಲಿ ಸುರಿಯುವುದರಿಂದಲೂ ಇದೇ ಗತಿ.

ಕುಡಿಯುವ ನೀರಿಗೆ ಉಪ್ಪು ಬೆರೆಸಬಾರದು. ದೊಡ್ಡ ಕೋಳಿ ತಡೆಯುವ ಉಪ್ಪನ್ನು ಎಳೆಯ ಮರಿ ತಡೆಯಲಾರದು.

ಹೊಟ್ಟೆ ಕೆಟ್ಟಿದೆಯೆಂದು ಆಂಟಿಬಯಾಟಿಕ್ ಪುಡಿ ತಂದು ಬೆರೆಸಬಾರದು. ಹುಳಿತ ಚೀಲಕ್ಕೆ ಇದು ಬೆಂಕಿಗೆ ತುಪ್ಪ ಸುರಿದಂತೆ. ಅಲ್ಲದೆ ಇಂತಹ ಔಷಧಗಳ ದುರ್ಬಳಕೆಯಿಂದ ಮನುಷ್ಯರ ರೋಗಾಣುಗಳೂ ಔಷಧಕ್ಕೆ ಬಗ್ಗದಂತಾಗುತ್ತವೆ. ಈ ಕಾರಣದಿಂದಲೇ ಹಿಂದೆ ಕೋಳಿ ಆಹಾರದಲ್ಲಿ ಬಳಕೆಯಲ್ಲಿದ್ದ ಕೋಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು.

ತೊಂದರೆ ಬಾರದಂತೆ ತಡೆಯುವುದು

ಮರಿ ಸಾಕಣೆಯ ಸೂತ್ರ ಒಂದೇ: ಮೊದಲು ಕಾವು, ನಂತರ ನೀರು, ಆಮೇಲೆ ಆಹಾರ.

ಮರಿ ಬರುವ ಮುಂಚೆಯೇ ಗೂಡನ್ನು ಬಿಸಿ ಮಾಡಿರಬೇಕು. ಮೊದಲ ವಾರ ಮರಿಯ ಎತ್ತರದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಂಟಿಗ್ರೇಡ್ ಶಾಖವಿರಬೇಕು. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್‌ನಂತೆ ಇಳಿಸುತ್ತ ಬರಬೇಕು. ಚಳಿಯಲ್ಲಿ ನಡುಗುವ ಮರಿ ತಿಂದದ್ದನ್ನು ಅರಗಿಸಲಾರದು.

ದೂರದಿಂದ ತಂದ ಮರಿಗಳಿಗೆ ಇಳಿಸಿದೊಡನೆ ನೀರು ಕುಡಿಸಿ, ಒಂದೆರಡು ಗಂಟೆಯ ನಂತರ ಆಹಾರ ಕೊಡಿ. ಬೆಲ್ಲದ ನೀರು ಮೊದಲ ದಿನಕ್ಕೆ ಸಾಕು, ಮುಂದುವರಿಸಬೇಡಿ. ನೀರಿನ ಪಾತ್ರೆ ರಾತ್ರಿ ಬರಿದಾಗದಂತೆ ನೋಡಿಕೊಳ್ಳಿ. ದಿನಕ್ಕೊಮ್ಮೆ ಪಾತ್ರೆಯನ್ನು ತಿಕ್ಕಿ ತೊಳೆದು ಒಣಗಿಸಿ.

ಮೊದಲ ಮೂರು ನಾಲ್ಕು ದಿನ ಹೊಟ್ಟಿನ ಹಾಸಿನ ಮೇಲೆ ಕಾಗದ ಹೊದಿಸಿ ಅದರ ಮೇಲೆ ಆಹಾರ ಹಾಕಿ. ನುಣುಪಾದ ಕಾಗದದ ಮೇಲೆ ಕಾಲು ಜಾರಿ ಮರಿ ಹೆಳವಾಗುವುದುಂಟು. ಆದ್ದರಿಂದ ಒರಟು ಕಾಗದ ಅಥವಾ ರಟ್ಟು ಉತ್ತಮ. ಗೂಡಿನ ಸುತ್ತ ದಾರ, ನಾರು, ಪ್ಲಾಸ್ಟಿಕ್ ಚೂರು ಇರದಂತೆ ಗುಡಿಸಿ. ಹಸಿ ಸೊಪ್ಪು ಕೊಡುವುದಾದರೆ ಸಣ್ಣಗೆ ಹೆಚ್ಚಿ ಕೊಡಿ.

ಮರಿ ಆಹಾರವನ್ನಷ್ಟೇ ತಿನ್ನುವ ಮರಿಗೆ ಹರಳು ಬೇಕಿಲ್ಲ. ಹಿತ್ತಲಿನಲ್ಲಿ ಹುಲ್ಲು, ರಾಗಿ, ನುಚ್ಚು ಮೇಯುವ ಮರಿಗಳಿಗೆ ಮಾತ್ರ ತೊಳೆದ ದಪ್ಪ ಮರಳನ್ನು ಒಂದು ತಟ್ಟೆಯಲ್ಲಿಡಿ. ಗಿಜರ್ಡ್‌ನಲ್ಲಿ ಅರೆಯಲು ಇದು ಸಹಾಯಕ. ಕಪ್ಪೆಚಿಪ್ಪಿನ ಪುಡಿ ಮೊಟ್ಟೆಯಿಡುವ ಕೋಳಿಗೆ ಸರಿ, ಮರಿಗೆ ಸಲ್ಲದು. ಅದರಲ್ಲಿರುವ ಅತಿಯಾದ ಸುಣ್ಣ ಮರಿಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಚೀಲ ನೋಡುವಾಗಲೇ ಮಲದ್ವಾರವನ್ನೂ ನೋಡಿ. ಹಿಕ್ಕೆ ಅಂಟಿ ಒಣಗಿ ಮುಚ್ಚಿಕೊಂಡಿದ್ದರೆ ಕೆಳಗಿನ ದಾರಿ ಕಟ್ಟಿದಂತೆಯೇ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಬಿಡಿಸಿ, ಒಣಗಿಸಿ ಕಾವಿಗೆ ಬಿಡಿ. ಕಿತ್ತರೆ ಚರ್ಮ ಸುಲಿದು ಬರುತ್ತದೆ.

ನಾಟಿ ಕೋಳಿಯ ಮರಿಯಾಗಲಿ, ಗಿರಿರಾಜ, ಸ್ವರ್ಣಧಾರದಂತಹ ಸುಧಾರಿತ ತಳಿಯ ಮರಿಯಾಗಲಿ, ಈ ಕ್ರಮಗಳು ಎಲ್ಲಕ್ಕೂ ಒಂದೇ. ಹಿತ್ತಲಿನ ಕೋಳಿಗಳ ಆದಾಯ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಗೆ ಬರುವ ಹಣ. ಮಕ್ಕಳ ಪುಸ್ತಕಕ್ಕೂ ಸಂತೆಯ ಸಾಮಾನಿಗೂ ಅದು ಒದಗುತ್ತದೆ. ಹತ್ತು ಮರಿಗಳಲ್ಲಿ ನಾಲ್ಕು ಸತ್ತರೆ ಆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಮರಿಗಳು ಚಿಕ್ಕವಿರುವವರೆಗೆ ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಕೆಲವು ಮರಿಗಳನ್ನಾದರೂ ಕೈಗೆತ್ತಿಕೊಂಡು ಮೇವುಚೀಲ ಮುಟ್ಟಿ ನೋಡಿರಿ. ಮೊದಲು ಆರೋಗ್ಯವಂತ ಮರಿಯ ಚೀಲ ಹೇಗಿರುತ್ತದೆಂದು ಬೆರಳಿಗೆ ರೂಢಿಯಾಗಲಿ. ಆಮೇಲೆ ಕೆಟ್ಟದ್ದು ತಾನಾಗಿ ತಿಳಿಯುತ್ತದೆ. ಮರಿ ಮೂಲೆ ಸೇರುವ ಮುನ್ನವೇ ತಿಳಿದರೆ ಬಹುಪಾಲು ಮರಿಗಳನ್ನು ಕಾವು, ನೀರು ಮತ್ತು ಶುಚಿಯಾದ ಆಹಾರದಿಂದಲೇ ಉಳಿಸಿಕೊಳ್ಳಬಹುದು.